ಕೆಮ್ಮಣ್ಣಿನೊಳಗಿನ ಕಬ್ಬಿಣ

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹಂಚಲು ಬಂದ ಕಬ್ಬಿಣದ ಮಾತ್ರೆಯ ಡಬ್ಬಿಯನ್ನು ಮೊನ್ನೆ ಬಿಚ್ಚಿದೆ. ತುಕ್ಕಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಂಡೂರಿನ ನಮ್ಮ ಎದುರುಮನೆಯ ಟೀಚರ್ ನೆನಪಾದರು...

ಪಿಯುಸಿಯಲ್ಲಿ ನನಗೆ ರಸಾಯನಶಾಸ್ತ್ರವೆಂದರೆ ಜ್ವರ ಬರುತ್ತಿತ್ತು. ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂತು ಹೇಳಿಸಿಕೊಳ್ಳುತ್ತಿದ್ದೆ. ಅಂಗಳದ ಕೆಂಪು ಧೂಳು ತೋರಿಸಿ ಅವರು, "ಇದರಾಗಿನ ಅದಿರು ಬರೀ ಕಬ್ಬಿಣ ಅಲ್ಲ, ಆಮ್ಲಜನಕಾನೂ ಕೂಡೈತಿ. ಕಬ್ಬಿಣ ಎರಡು, ಆಮ್ಲಜನಕ ಮೂರು. ಐವತ್ತಾರೆರಡ್ಲೆ ನೂರಾ ಹನ್ನೆರಡು, ಹದಿನಾರ್ ಮೂರ್ಲೆ ನಲವತ್ತೆಂಟು. ಅಂದ್ರ ನೂರಾ ಅರವತ್ತು ಗ್ರಾಮಿನಾಗ ಕಬ್ಬಿಣ ನೂರಾ ಹನ್ನೆರಡು. ಇಷ್ಟಕ್ಕ ಅಳ್ತಾರೇನ ಹುಚ್ಚಿ?" ಎನ್ನುತ್ತಿದ್ದರು.

ಆಗ ಅವರು ಬಸುರಿ. ಮುಖ ಬಿಳಿಚಿಕೊಂಡಿತ್ತು. ರಕ್ತ ತೀರಾ ಕಡಿಮೆ ಎಂದು ದವಾಖಾನೆಯಲ್ಲಿ ಕೊಟ್ಟ ಮಾತ್ರೆ ನುಂಗಿದರೆ ವಾಂತಿ. ಅವರ ಅತ್ತೆಗೆ, ಪಾಪ, ಸೊಸೆಯೆಂದರೆ ಜೀವ. ಗುಡ್ಡದ ಕಡೆಯಿಂದ ಕೆಮ್ಮಣ್ಣಿನ ಹೆಂಟೆ ತಂದು, ಹಂಚಿನ ಮೇಲೆ ಹುರಿದು ಉಡಿಗೆ ಹಾಕುತ್ತಿದ್ದರು. ಬಸುರಿಯರು ಮಣ್ಣು ಬಯಸುವುದು ಎಲ್ಲ ಕಡೆಯೂ ಉಂಟು. "ಲಾರಿಗಟ್ಟಲೆ ಕಬ್ಬಿಣ ಒಯ್ತಾರ ಈ ಮಣ್ಣಾಗಿಂದ. ತಿನ್ನವ್ವ, ರಕ್ತ ಬರ್ತೈತಿ" ಎನ್ನುವ ನಂಬಿಕೆ ಮಾತ್ರ ನಮ್ಮೂರಿನದು.

ಟೀಚರ್ ಪಾಠದ ನಡುವೆಯೇ ತಿನ್ನುತ್ತಿದ್ದರು. ಒಮ್ಮೆ ಕೇಳಿದೆ, "ಟೀಚರ್, ಅದರಾಗಿನ ಕಬ್ಬಿಣ ಮೈಗ ಹತ್ತತೈತೇನ್ರಿ?"

"ಎಲ್ಲಿ ಹತ್ತತೈತಿ? ತುಕ್ಕು ನೆಕ್ಕಿ ಯಾರರ ಬದುಕ್ಯಾರೇನ? ಎಲ್ಲಾ ಗೊತ್ತೈತಿ, ಬಾಯಿ ಕೇಳವಲ್ದು ನೋಡು." ನಕ್ಕು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡರು.

ಹೆರಿಗೆಗೆ ಹೊಸಪೇಟೆಗೆ ಕರೆದೊಯ್ದರು. ರಕ್ತಸ್ರಾವ ನಿಲ್ಲಲಿಲ್ಲ. ಮೈಯಲ್ಲಿ ಇದ್ದದ್ದೇ ಅಷ್ಟು, ಅದೂ ಹೋಯಿತು... ಮಗುವೂ ಉಳಿಯಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿತ್ತು; ಯಾರ ಮೇಲೆಂದು ಇವತ್ತಿಗೂ ಗೊತ್ತಿಲ್ಲ.

ಈಗ ಕಂಪ್ಲಿಯಲ್ಲಿ ನಾನೇ ಆ ಲೆಕ್ಕ ಹೇಳಿಕೊಡುತ್ತೇನೆ. ಡಬ್ಬಿ ಬಿಚ್ಚಿದ ಮೇಲೆ ಮನಸ್ಸು ತಡೆಯದೆ ಸಂಡೂರಿಗೆ ಹೋಗಿ ಬಂದೆ. ಆ ಅತ್ತೆ ಇನ್ನೂ ಇದ್ದಾರೆ, ಕಣ್ಣು ಮಂಜಾಗಿದೆ. ಯಾರೆಂದು ತಿಳಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನೀ ಓದಿದಾಕಿ, ಖರೇ ಹೇಳವ್ವ. ಅಷ್ಟು ಮಣ್ಣು ತಿನ್ನಿಸಿದ್ನಲ್ಲ, ಅದರಾಗ ಕಬ್ಬಿಣ ಇತ್ತಿಲ್ಲೋ?"

"ಇತ್ತು ಯವ್ವಾ," ಎಂದೆ. "ಭಾಳ ಇತ್ತು."