ಕೆಂಪು ಪೆನ್ಸಿಲ್ಲಿಗೆ ರಜೆ ಕೊಟ್ಟ ಪುಸ್ತಕ

ನಿವೃತ್ತಿಯ ದಿನ ಅಚ್ಚುಕೂಟದವರು ಕರಡಪ್ಪನವರಿಗೆ ಒಂದು ಮಾನಪತ್ರ ಕೊಟ್ಟರು. ದಪ್ಪ ಕಾಗದ, ಹೊಂಬಣ್ಣದ ಅಂಚು, ಮೇಲೆ ಗಾಜು, ಸುತ್ತ ಮರದ ಚೌಕಟ್ಟು. ಮಾಲೀಕರು ಅದರ ಒಂದು ತುದಿ ಹಿಡಿದು ಫೋಟೋಗೆ ನಗುತ್ತಾ ನಿಂತರು. ಇನ್ನೊಂದು ತುದಿ ಹಿಡಿದ ಕರಡಪ್ಪನವರು ಮಾತ್ರ ಕ್ಯಾಮೆರಾ ಕಡೆ ನೋಡದೆ ಮಾನಪತ್ರದ ಕಡೆ ನೋಡಿದರು. ನೋಡುತ್ತಿದ್ದಂತೆ ಅವರ ಬಲಗೈ ತಾನಾಗಿಯೇ ಕಿವಿಯ ಹಿಂದಕ್ಕೆ ಹೋಯಿತು. ಅಲ್ಲಿಂದ ಕೆಂಪು ಪೆನ್ಸಿಲ್ ಇಳಿದು ಬಂದು, ಸಭೆಯ ಎದುರಿಗೇ, ಮಾನಪತ್ರದ ಮೂರನೆಯ ಸಾಲಿಗೆ ಒಂದು ಸುತ್ತು ಹಾಕಲು ಹೊರಟಿತು. ಗಾಜಿನ ಮೇಲೆ ಪೆನ್ಸಿಲ್ ಮೂಡಲಿಲ್ಲ.

"ಇದನ್ನ ಸ್ವಲ್ಪ ಬಿಚ್ಚಿಸಿಕೊಡ್ತೀರಾ?" ಎಂದು ಅವರು ಮಾಲೀಕರನ್ನೇ ಕೇಳಿದರು. "ಈಗ ತಿದ್ದಿಕೊಟ್ರೆ ಸಂಜೆಯೊಳಗೆ ಎರಡನೇ ಕರಡು ತೆಗೀಬಹುದು."

ಫೋಟೋ ತೆಗೆಯುವವನು ಆ ಕ್ಷಣಕ್ಕೇ ಗುಂಡಿ ಒತ್ತಿದ್ದ. ಹಾಗಾಗಿ ಮನೆಯ ಗೋಡೆಯ ಮೇಲಿರುವ ಚಿತ್ರದಲ್ಲಿ ಮಾಲೀಕರ ನಗು ಅರ್ಧ ಇಳಿದಿದೆ, ಮಾನ ಪಡೆದವರ ಬಾಯಿ ಅರ್ಧ ತೆರೆದಿದೆ. ಮಾನಪತ್ರ ಮಾತ್ರ ಮನೆಗೆ ಬರಲಿಲ್ಲ. ತಿದ್ದುಪಡಿಗೆ ಹೋದದ್ದು ಇನ್ನೂ ಅಲ್ಲೇ ಇದೆ ಎಂದು ಸುದ್ದಿ. ಮಾನ ಹೋಯಿತು, ಪತ್ರವೂ ಹೋಯಿತು ಎಂದು ಮಗಳು ತಮಾಷೆ ಮಾಡುತ್ತಾಳೆ.

ಕರಡಪ್ಪ ಎಂದು ಅವರಿಗೆ ಹುಟ್ಟಿದಾಗ ಯಾರೂ ಹೆಸರಿಟ್ಟಿರಲಿಲ್ಲ. ಪುಸ್ತಕ ಅಚ್ಚಾಗುವ ಮುಂಚಿನ ಕಚ್ಚಾ ಪ್ರತಿ, ಅಂದರೆ ಕರಡನ್ನು ಓದಿ ತಪ್ಪು ಹಿಡಿಯುವುದು ಅವರ ಕೆಲಸವಾದ್ದರಿಂದ ಅಚ್ಚುಕೂಟದವರು ಇಟ್ಟ ಹೆಸರು ಅದು. ಮಗಳ ವಾಚನಾಲಯಕ್ಕೆ ಬರುವ ಮಕ್ಕಳು ಅದನ್ನೂ ಮೊಟಕು ಮಾಡಿ ಕರಡಿ ತಾತ ಎಂದರು. ಅವರಿಗೇನೂ ಬೇಜಾರಿರಲಿಲ್ಲ. ಎರಡರಲ್ಲೂ ಕಾಗುಣಿತ ಸರಿಯಾಗಿದೆಯಲ್ಲ ಎನ್ನುತ್ತಿದ್ದರು.

ಹೊಟ್ಟೆಪಾಡಿಗಾಗಿ ಅವರು ಓದಿದಷ್ಟು ಪುಸ್ತಕವನ್ನು ಖುಷಿಗಾಗಿ ಓದಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಕಾನೂನು, ಬೀಜಗಣಿತ, ಪ್ರೇಮಕಥೆ, ಕೋಳಿ ಸಾಕಣೆ, ಎಲ್ಲವೂ ಅವರ ಕಣ್ಣ ಕೆಳಗೆ ಹಾದುಹೋಗಿದ್ದವು. ಆದರೆ ರೈಲು ಹಳಿ ಪರೀಕ್ಷಿಸುವವನು ಹಳಿಯುದ್ದಕ್ಕೂ ನಡೆಯುತ್ತಾನೆಯೇ ಹೊರತು ರೈಲು ಹತ್ತುವುದಿಲ್ಲವಲ್ಲ, ಇವರದೂ ಅದೇ ಕಥೆ. ಒಮ್ಮೆ ಯಾರೋ, ಆ ಕಾದಂಬರಿಯಲ್ಲಿ ಕೊನೆಗೆ ನಾಯಕಿ ಸತ್ತಳಾ ಎಂದು ಕೇಳಿದ್ದಕ್ಕೆ ಅವರು ಬಹಳ ಯೋಚಿಸಿ, "ಸತ್ತಳು ಅಂತಲೇ ನೆನಪು. ಒಂದು ಕಡೆ 'ಸುತ್ತಳು' ಅಂತಿತ್ತು, ತಿದ್ದಿದೆ" ಎಂದಿದ್ದರು.

ಮಗಳದು ಬೇರೆಯೇ ಜಾತಕ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ವಾಚನಾಲಯ. ಕೆಳಗಿನಿಂದ ಇಸ್ತ್ರಿಪೆಟ್ಟಿಗೆಯ ಬಿಸಿ ಆವಿ ಹಲಗೆಯ ಸಂದಿಯಿಂದ ಮೇಲೆ ಬಂದು ಪುಸ್ತಕಗಳ ರಟ್ಟು ಹಪ್ಪಳದ ಹಾಗೆ ಸುರುಳಿಯಾಗುತ್ತಿತ್ತು. ಕಾದಂಬರಿಗಳಿಗೆಲ್ಲ ಗಂಜಿ ಹಾಕಿದ ಅಂಗಿಯ ವಾಸನೆ. ಆದರೂ ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆ ಎಂಬುದನ್ನು ಹೇಳುವುದರಲ್ಲಿ ಅವಳದು ಎತ್ತಿದ ಕೈ. ಆ ಕೈಗೆ ಒಂದು ಉಪಾಯವೂ ಇತ್ತು. ನಿಮಗೆ ಯಾವ ಪುಸ್ತಕ ಇಷ್ಟ ಎಂದು ಅವಳು ಕೇಳುತ್ತಲೇ ಇರಲಿಲ್ಲ. ಹಾಗೆ ಕೇಳಿದರೆ ಜನ ಬೆನ್ನು ನೆಟ್ಟಗೆ ಮಾಡಿಕೊಂಡು, ಓದಿಲ್ಲದ ದಪ್ಪ ಪುಸ್ತಕದ ಹೆಸರು ಹೇಳುತ್ತಾರೆ. ಅವಳು ಕೇಳುತ್ತಿದ್ದುದು, "ಯಾವುದನ್ನ ಅರ್ಧಕ್ಕೇ ಬಿಟ್ರಿ, ಯಾಕೆ ಬಿಟ್ರಿ?" ಬಿಟ್ಟ ಪುಸ್ತಕದ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಬ್ಯಾಂಕಿನಾಕೆ ಒಂದು ಭಾರಿ ಕಾದಂಬರಿ ಬಿಟ್ಟದ್ದು, ಮುನ್ನೂರು ಪುಟವಾದರೂ ಅದರಲ್ಲಿ ಒಬ್ಬರೂ ಊಟ ಮಾಡಿಲ್ಲ ಎಂಬ ಕಾರಣಕ್ಕೆ. ಆಕೆಗೆ ಹೋಟೆಲಿನ ಅಡುಗೆಮನೆಯಲ್ಲೇ ನಡೆಯುವ ಕಥೆ ಕೊಟ್ಟಳು. ಆಕೆ ಅದನ್ನು ಎರಡು ಸಲ ಓದಿ, ಎರಡು ಸಲ ದಪ್ಪಗಾದರು. ಹೀಗೆ ಅರ್ಧಕ್ಕೆ ಬಿಟ್ಟು ಬಂದ ಪುಸ್ತಕಗಳಿಗೆಂದೇ ಕಿಟಕಿಯ ಪಕ್ಕ ಒಂದು ಕಪಾಟಿತ್ತು. ಅದರ ಹೆಸರು ಅನಾಥಾಲಯ.

ನಿವೃತ್ತರಾದ ಮೇಲೆ ಕರಡಪ್ಪನವರು ಇದೇ ಕೋಣೆಗೆ ಬಂದು ಕೂರತೊಡಗಿದರು. ಮೇಜಿನ ಈಚೆ ಅವರು, ಆಚೆ ಹೊಲಿಗೆಯಕ್ಕ. ಹೊಲಿಗೆಯಕ್ಕ ಎದುರು ಅಂಗಡಿಯಲ್ಲಿ ಬಟ್ಟೆ ಹೊಲಿಯುವಾಕೆ. ಮಧ್ಯಾಹ್ನ ಯಂತ್ರಕ್ಕೆ ಮುಸುಕು ಹಾಕಿ ಧಾರಾವಾಹಿ ಓದಲು ಬರುತ್ತಿದ್ದರು. ಮೂಲೆಯ ಕನ್ನಡಕದಂಗಡಿಯವನು ಕಂದು ಬಣ್ಣದ ಒಂದೇ ಫ್ರೇಮನ್ನು ಇಡೀ ಬೀದಿಗೆ ಅಂಟಿಸಿದ್ದರಿಂದ ಇಬ್ಬರ ಮೂಗಿನ ಮೇಲೂ ಅದೇ. ಅವರಿಬ್ಬರದೂ ಒಂದೇ ಫ್ರೇಮು ಎಂದು, ಪುಸ್ತಕ ಒಯ್ಯಲು ಬರುವ ಹಲ್ಲಿನ ಡಾಕ್ಟರು ರಾಗ ಎಳೆದು, ಅದು ಪ್ರೇಮ ಅಂತ ಕೇಳಿಸಿದರೆ ತನ್ನ ಹೊಣೆಯಲ್ಲ ಎನ್ನುತ್ತಿದ್ದರು.

ಆ ಡಾಕ್ಟರಿಂದಲೇ ರಾದ್ಧಾಂತ ಶುರುವಾದದ್ದು. ಅವರು ಒಯ್ದ ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯದಲ್ಲಿ, 'ಕತ್ತಲಲ್ಲಿ ಕೊಲೆಗಾರ ಮೆಲ್ಲಗೆ ಬಾಗಿಲು ತೆರೆದನು' ಎಂಬ ಸಾಲಿತ್ತು. ಕರಡಪ್ಪನವರು ಅದಕ್ಕೆ ಮುಂಚೆಯೇ ಆ ಪುಸ್ತಕವನ್ನು ಪೂರ್ತಿ ನೋಡಿ ಮುಗಿಸಿದ್ದರು. 'ತೆರೆದನು' ಎಂಬುದನ್ನು ಕೆಂಪಿನಲ್ಲಿ ಹೊಡೆದು 'ತೆರೆದಳು' ಎಂದು ತಿದ್ದಿ, ಪಕ್ಕದಲ್ಲಿ 'ಕೊನೆಯ ಅಧ್ಯಾಯ ನೋಡಿ, ಅತ್ತಿಗೆ' ಎಂದು ಬರೆದಿದ್ದರು. ಡಾಕ್ಟರು ಮೆಟ್ಟಿಲು ಹತ್ತಿ ಬಂದಾಗ ಅವರ ಮುಖ ನೋಡಿದರೆ ಅರಿವಳಿಕೆ ಕೊಡದೆ ಅವರದೇ ಹಲ್ಲು ಕಿತ್ತ ಹಾಗಿತ್ತು. ಇನ್ನು ನಾನು ಬರೋದಿಲ್ಲ ಎಂದರು. ಮಗಳು ಹೇಗೋ ಸಮಾಧಾನ ಮಾಡಿ ಕಳಿಸಿದಳು.

"ಅಪ್ಪಾ, ಇಲ್ಲಿ ಪೆನ್ಸಿಲ್ ಬೇಡ" ಎಂದಳು ಆಮೇಲೆ.

"ತಪ್ಪು ಕಂಡ್ರೆ?"

"ಕಂಡ್ರೆ ಕಾಣಲಿ ಬಿಡು."

ಅವರು ಪೆನ್ಸಿಲ್ಲನ್ನು ಜೇಬಿಗೆ ಇಳಿಸಿದರು. ಮಾಡಲು ಕೆಲಸವಿಲ್ಲದೆ ಓದುವವರ ಮುಖಗಳನ್ನೇ ನೋಡುತ್ತಾ ಕೂತರು. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳನ್ನು ಹತ್ತಿರ ಕರೆದು, ಮೂಲೆಯಲ್ಲಿ ಪುಸ್ತಕ ಹಿಡಿದು ಬಾಯಿ ಮುಚ್ಚಿಕೊಂಡು ನಗುತ್ತಿದ್ದ ನರ್ಸ್ ಕಡೆ ಕಣ್ಣಲ್ಲೇ ತೋರಿಸಿದರು.

"ಯಾಕೆ ನಗ್ತಿದಾಳೆ? ಏನಾದ್ರೂ ತಪ್ಪು ಸಿಕ್ತಾ?"

"ಇಲ್ಲಪ್ಪ. ಕಥೆ ಹಾಗಿದೆ."

"ಓ" ಎಂದರು. ಆಮೇಲೆ, ಅಂಗಡಿಯಲ್ಲಿ ಸಾಲ ಕೇಳುವವರ ದನಿಯಲ್ಲಿ, "ನನಗೂ ಅಂಥದ್ದೊಂದು ಕೊಟ್ಟು ನೋಡು" ಎಂದರು.

ಇಡೀ ಬೀದಿಗೆ ಪುಸ್ತಕ ಹುಡುಕಿಕೊಟ್ಟ ಮಗಳನ್ನು ಅಪ್ಪ ಇದುವರೆಗೆ ಒಂದನ್ನೂ ಕೇಳಿರಲಿಲ್ಲ. ಜೀವಮಾನವೆಲ್ಲ ಪುಸ್ತಕದೊಳಗೇ ಕಳೆದ ಮನುಷ್ಯ ಒಂದೇ ಒಂದು ಪುಸ್ತಕವನ್ನಾದರೂ ಓದುಗನಾಗಿ ಓದಬೇಕು. ಇದೊಂದನ್ನು ಮಾಡಿಕೊಡಲಾಗದಿದ್ದರೆ ಈ ಕೋಣೆಗೆ ಬೀಗ ಹಾಕಿ ಕೆಳಗೆ ಹೋಗಿ ಇಸ್ತ್ರಿ ಮಾಡುವುದೇ ವಾಸಿ ಎಂದು ಅವಳಿಗೆ ಅನಿಸಿತು.

ಎಂದಿನ ಪ್ರಶ್ನೆಯಿಂದ ಶುರು ಮಾಡಿದಳು. ಯಾವ ಪುಸ್ತಕ ಅರ್ಧಕ್ಕೆ ಬಿಟ್ಟಿದ್ದೀಯ? ಕರಡಪ್ಪನವರು ಗಾಬರಿಯಾದರು. ಅರ್ಧಕ್ಕೆ ಬಿಟ್ಟಿದ್ದರೆ ಅಚ್ಚುಕೂಟದವರು ಅವರನ್ನೂ ಅರ್ಧಕ್ಕೇ ಬಿಡುತ್ತಿದ್ದರು. ಉಪಾಯ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು.

ಆಗ ಅವಳಿಗೆ ಕುತೂಹಲ ಕೆರಳಿತು. ಪ್ರಯೋಗಗಳು ಆರಂಭವಾದವು. ಬಹಳ ಶುದ್ಧವಾಗಿ ಅಚ್ಚಾದ, ಒಂದೂ ತಪ್ಪಿಲ್ಲದ ಕಾದಂಬರಿ ಕೊಟ್ಟಳು. ಅವರು ಮುಗಿಸಿ, ಕೈ ಚೆಲ್ಲಿ, ಏನೂ ಸಿಗಲಿಲ್ಲ ಎಂದು ಹೇಳಿ ಇಡೀ ಸಂಜೆ ಸಪ್ಪಗಿದ್ದರು. ಸರಿ, ತಪ್ಪುಗಳ ರಾಶಿಯಿರುವ ಪುಸ್ತಕವಾದರೆ ತಿದ್ದಿ ತಿದ್ದಿ ಬೇಸತ್ತು ಕೊನೆಗೆ ಕಥೆಗೆ ಬಿದ್ದಾರು ಎಂದುಕೊಂಡು ಅಂಥದ್ದನ್ನು ಕೊಟ್ಟಳು. ಅವರು ಬೇಸರಪಡಲಿಲ್ಲ. ತೋಟಕ್ಕೆ ಬಿಟ್ಟ ಮೇಕೆಯ ಹಾಗೆ ಸಂಭ್ರಮಪಟ್ಟರು. ಮಕ್ಕಳ ಚಿತ್ರಪುಸ್ತಕ ಕೊಟ್ಟಳು. ಮೂರನೆಯ ಪುಟದಲ್ಲಿ ಬೆಕ್ಕಿಗೆ ಎಡಗಿವಿ ಕಪ್ಪು, ಐದರಲ್ಲಿ ಬಲಗಿವಿ ಕಪ್ಪು ಎಂದು ಪತ್ತೆ ಹಚ್ಚಿದರು. ಕೊನೆಗೆ, ಅವರೇ ಯೌವನದಲ್ಲಿ ಕರಡು ತಿದ್ದಿದ್ದ ಹಳೆಯ ಕಾದಂಬರಿಯೊಂದನ್ನು ಎಲ್ಲಿಂದಲೋ ಹುಡುಕಿ ತಂದಳು. ಅದರಲ್ಲಾದರೂ ಕೆಲಸ ಮುಗಿದಿದೆಯಲ್ಲ, ಓದುವುದೊಂದೇ ಬಾಕಿ. ಅವರು ನೂರಾರು ಪುಟ ನೆಮ್ಮದಿಯಿಂದ ಹೋದರು. ಇದ್ದಕ್ಕಿದ್ದಂತೆ ಒಂದು ಕಡೆ ನಿಂತರು. ಆಗ ತಪ್ಪಿಸಿಕೊಂಡು ಹೋಗಿದ್ದ ಒಂದು ಸೊನ್ನೆ ಅಲ್ಲಿ ಸಿಕ್ಕಿತು. ಅವತ್ತು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

"ನಿನ್ನ ಕೈಲಿ ಆಗಲ್ಲ ಬಿಡಮ್ಮ" ಎಂದರು, ಅವಳಿಗೇ ಸಮಾಧಾನ ಹೇಳುವ ಹಾಗೆ. "ಕೆಲವರಿಗೆ ಮೂಗು ಕಟ್ಟಿರುತ್ತೆ, ಹೂವಿನ ತಪ್ಪಲ್ಲ."

ಅವಳು ಕೈಬಿಟ್ಟಳು. ಹಾಗಂತ ಹೇಳಲಿಲ್ಲ, ಕೊಡುವುದನ್ನು ನಿಲ್ಲಿಸಿದಳು, ಅಷ್ಟೆ.

ಆಮೇಲಿನ ಸೋಮವಾರ ಅವಳು ಕಪಾಟು ಒರೆಸುತ್ತಿದ್ದಾಗ ಬೆನ್ನ ಹಿಂದೆ ಹಂಡೆಯಲ್ಲಿ ನೀರು ಕುದಿಯುವಂಥ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕರಡಪ್ಪನವರು ನಗುತ್ತಿದ್ದಾರೆ. ಕೈಯಲ್ಲಿ ಅನಾಥಾಲಯದ ಒಂದು ಪುಸ್ತಕ, ದಪ್ಪ ಅಕ್ಷರದ್ದು. ಕಡಲ ನಡುವಿನ ಬಂಡೆಯ ಮೇಲೆ ದೀಪಸ್ತಂಭ ಕಾಯುವವನೊಬ್ಬನ ಮನೆಗೆ ಅತ್ತೆ ವಾರದ ಮಟ್ಟಿಗೆಂದು ಬರುತ್ತಾಳೆ, ವಾಪಸು ಕರೆದೊಯ್ಯಬೇಕಾದ ದೋಣಿ ಮುಳುಗುತ್ತದೆ, ಅದರ ಕಥೆ. ಒಯ್ದವರೆಲ್ಲ ಅರ್ಧಕ್ಕೆ ಬಿಟ್ಟದ್ದು. ಕರಡಪ್ಪನವರು ಅದನ್ನು ತೋಳು ಚಾಚಿ ದೂರಕ್ಕೆ ಹಿಡಿದಿದ್ದರು. ಪುಟ ತಿರುಗುತ್ತಿತ್ತು. ಪೆನ್ಸಿಲ್ ಜೇಬಿನಲ್ಲೇ ಇತ್ತು.

ಅವಳು ಒರೆಸುವ ಬಟ್ಟೆಯನ್ನು ಹಾಗೇ ಕೆಳಗಿಟ್ಟಳು. ಮಾತನಾಡಿಸಿದರೆ ಗುಬ್ಬಿ ಹಾರಿಹೋಗುತ್ತದೋ ಎಂಬ ಭಯ. ಮಂಗಳವಾರವೂ ಓದಿದರು. ಬುಧವಾರ, ಅತ್ತೆ ದೀಪದ ಎಣ್ಣೆಯಲ್ಲಿ ಏನೋ ಕರಿಯಲು ಹೊರಟ ಕಡೆ, ಕಣ್ಣೊರೆಸಿಕೊಂಡು ನಕ್ಕರು. ಅವರು ಎದ್ದು ನೀರು ಕುಡಿಯಲು ಹೋದಾಗ ಅವಳು ಕಳ್ಳಿಯಂತೆ ಪುಟ ತಿರುವಿ ನೋಡಿದಳು. ಅಲ್ಲಿ ಅಚ್ಚಿನ ತಪ್ಪುಗಳು ಇರುವೆ ಮುತ್ತಿದಂತೆ ಇದ್ದವು. ಒಂದಕ್ಕೂ ಗುರುತಿಲ್ಲ.

ಅಂದರೆ ಈ ಕಥೆಯ ಶಕ್ತಿ ಎಂಥದ್ದಿರಬೇಕು! ಅವಳ ಬಾಯಿ ಸುಮ್ಮನಿರಲಿಲ್ಲ. ಬಂದವರಿಗೆಲ್ಲ ಹೇಳಿದಳು: ಬೆಕ್ಕಿನ ಕಿವಿಯನ್ನೂ ಬಿಡದ ನಮ್ಮಪ್ಪ ಇದರಲ್ಲಿ ಒಂದು ಗೀಟೂ ಹಾಕಿಲ್ಲ. ಇದಕ್ಕಿಂತ ದೊಡ್ಡ ಶಿಫಾರಸು ಬೇಕೇ? ಬ್ಯಾಂಕಿನಾಕೆ ಮುಂದಿನ ಸರದಿ ತನಗೆಂದರು, ಕಥೆಯಲ್ಲಿ ಕರಿಯುವುದು ಇದೆ ಎಂದು ಕೇಳಿಯೇ. ನರ್ಸ್ ಅವರ ಹಿಂದೆ ನಿಂತಳು. ಮುನಿಸಿಕೊಂಡಿದ್ದ ಹಲ್ಲಿನ ಡಾಕ್ಟರೂ ಬಂದು, ಮುದುಕರು ಮುಗಿಸಿದ ಕೂಡಲೇ ಹೇಳಿ ಕಳಿಸಿ ಎಂದರು. ಅನಾಥ ಪುಸ್ತಕಕ್ಕೆ ಹಠಾತ್ತನೆ ಊರೆಲ್ಲ ನೆಂಟರು.

ಆ ವಾರ ಬೇಜಾರಿನಲ್ಲಿದ್ದವರೆಂದರೆ ಹೊಲಿಗೆಯಕ್ಕ ಒಬ್ಬರೇ. ಸೋಮವಾರ ಬಂದು ಹೋದವರು ಆಮೇಲೆ ಧಾರಾವಾಹಿ ಓದಲೂ ಬರಲಿಲ್ಲ. ಗುರುವಾರ ಮೆಟ್ಟಿಲಲ್ಲಿ ಸಿಕ್ಕಾಗ ಮಗಳ ಕೈಹಿಡಿದು ಗೋಳಾಡಿಕೊಂಡರು. "ನನಗೆ ಏನೋ ಆಗಿದೆ ಕಣೇ. ಎಲ್ಲಾ ಹೊಲಿಗೆ ಸೊಟ್ಟ ಕಾಣ್ತಿದೆ. ಒಂದೇ ತೋಳು ಎಷ್ಟು ಸಲ ಬಿಚ್ಚಿದೀನೋ! ಇಷ್ಟು ವರ್ಷ ಹೀಗೇ ಹೊಲಿದು ಜನರಿಗೆ ಕೊಟ್ಟಿದೀನಾ ಅಂತ ನಿದ್ದೆ ಬರ್ತಿಲ್ಲ." ಗಿರಾಕಿಗಳು ಬಟ್ಟೆ ಯಾವಾಗ ಎಂದು ಬೈಯುತ್ತಿದ್ದಾರಂತೆ. ವಯಸ್ಸಾದಂತೆ ಕೆಲವರಿಗೆ ಕೆಲಸದಲ್ಲಿ ಚಿಕ್ಕ ಚಿಕ್ಕದಕ್ಕೂ ಕೊರಗು ಹತ್ತುತ್ತದೆ, ನಮ್ಮಪ್ಪನಿಗೂ ಹಾಗೇ ಇತ್ತು, ಒಂದು ಒಳ್ಳೆಯ ಪುಸ್ತಕ ಸಿಕ್ಕ ಮೇಲೆ ವಾಸಿಯಾಯಿತು ಎಂದು ಮಗಳು ಧೈರ್ಯ ಹೇಳಿದಳು. ಅದೇ ಪುಸ್ತಕವನ್ನು ಅವರಿಗೂ ಕೊಡುವುದಾಗಿ ಮಾತು ಕೊಟ್ಟಳು.

ಶುಕ್ರವಾರ ಅವಳಿಗೆ ಇನ್ನು ತಡೆಯಲಾಗಲಿಲ್ಲ. ಪುಸ್ತಕದ ಕಪಾಟಿನ ಮೇಲೆ ಒಂದು ರಟ್ಟು ತೂಗುಹಾಕಿ, ಇದನ್ನು ಯಾಕೆ ಓದಬೇಕು ಎಂದು ಅಪ್ಪನ ಮಾತಿನಲ್ಲೇ ಬರೆಯಬೇಕೆಂದಿದ್ದಳು. ರಟ್ಟು, ದಪ್ಪ ಪೆನ್ನು ಹಿಡಿದು ಎದುರಿಗೆ ಕುರ್ಚಿ ಎಳೆದುಕೊಂಡಳು. ಬ್ಯಾಂಕಿನಾಕೆ, ಡಾಕ್ಟರು ಇಬ್ಬರೂ ಪುಸ್ತಕ ಹುಡುಕುವ ನೆಪದಲ್ಲಿ ಹತ್ತಿರ ಬಂದು ನಿಂತರು.

"ಅಪ್ಪಾ, ಒಂದು ಕೇಳ್ತೀನಿ, ನಿಜ ಹೇಳಬೇಕು. ಎಷ್ಟೊಂದು ಪುಸ್ತಕ ಕೊಟ್ಟೆ, ಒಂದೂ ನಿನ್ನ ಹಿಡೀಲಿಲ್ಲ. ಈ ಪುಸ್ತಕದಲ್ಲಿ ಅಂಥದ್ದು ಏನಿದೆ?"

ಕರಡಪ್ಪನವರು ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ತಲೆ ಎತ್ತಿದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಪುಸ್ತಕದಲ್ಲಿ ಏನೂ ಇಲ್ಲಮ್ಮ. ಇದು ಹೊಲಿಗೆಯವಳ ಕನ್ನಡಕ. ಸೋಮವಾರ ಮೇಜಿನ ಮೇಲೆ ಅದಲುಬದಲಾಯ್ತು. ಇದರಲ್ಲಿ ಅಕ್ಷರ ಕಾಣ್ಸುತ್ತೆ, ತಪ್ಪು ಕಾಣ್ಸಲ್ಲ. ಅವಳು ಕೇಳ್ಕೊಂಡು ಬಂದ್ರೆ ನನ್ನ ಎಬ್ಬಿಸಬೇಡ, ಇನ್ನು ನಲವತ್ತು ಪುಟ ಇದೆ."