ಖಾಲಿ ಡಬ್ಬಿಗೂ ಹೊಡೆಯುವವಳು
ಇಲ್ಲ ಸ್ವಾಮಿ, ಸುಳ್ಳಲ್ಲ, ನನ್ನ ಮೊಮ್ಮಗಳು ವೀಣಳ ಕೆಲಸವೇ ಪ್ರೋಟಾನಿಗೆ ಎಲೆಕ್ಟ್ರಾನು ಹೊಡೆಯುವುದು. ಒಂಟಿ ಪ್ರೋಟಾನಿಗೂ, ಕಬ್ಬಿಣದ ಪರಮಾಣು ಬೀಜದಲ್ಲಿ ಗಿಜಿಗುಡುವ ಪ್ರೋಟಾನಿಗೂ ಹೊಡೆದು, ಎಲೆಕ್ಟ್ರಾನು ಚದುರುವ ರೀತಿ ನೋಡಿ, ಗುಂಪು ಸೇರಿದ ಮೇಲೆ ಅದರ ಒಳಗು ಬದಲಾಯಿತೇ ಎಂದು ಅಳೆಯುತ್ತಾಳೆ. "ಮಳವಳ್ಳಿ ಬಸ್ಸು ತುಂಬುದ್ರೆ ನೀನು ಕಾಲ್ ಮಡಚ್ಕೊಂಡು ಕೂರಲ್ವಾ ತಾತ, ಅಂಗೇಯ" ಎನ್ನುತ್ತಾಳೆ. ಒಂಟಿ ಪ್ರೋಟಾನುಗಳಿರುವುದು ಡಬ್ಬಿಯಲ್ಲಿ. ಎಲೆಕ್ಟ್ರಾನು ಡಬ್ಬಿಗೂ ತಾಗುವುದರಿಂದ ಖಾಲಿ ಡಬ್ಬಿಗೆ ಬೇರೆಯಾಗಿ ಹೊಡೆದು, ಆ ಪಾಲನ್ನು ಕಳೆಯಬೇಕಂತೆ. ಆ ಚಾಳಿ ಮನೆಗೂ ಬಂದಿದೆ. ಮದುವೆಗೆ ಕರೆದರೆ ಹಿಂದಿನ ದಿನವೇ ಹೋಗಿ ಖಾಲಿ ಛತ್ರದ ಸದ್ದು ಕೇಳಿ ಬರುತ್ತಾಳೆ. ನನ್ನ ಗೊರಕೆ ಅಳೆಯುವ ಮೊದಲು ನಾನಿಲ್ಲದ ಮಂಚಕ್ಕೆ ಕಿವಿಗೊಟ್ಟು ಕೂತಿದ್ದಳು. ಹೋದ ತಿಂಗಳು ಎಲ್ಲರೂ ಒಂಟಿ ಪ್ರೋಟಾನಿಗೂ ಗುಂಪಿನದಕ್ಕೂ ಅವಳು ಕಂಡ ವ್ಯತ್ಯಾಸವನ್ನು ಹೊಗಳುತ್ತಿದ್ದಾಗ, "ಅದ್ರಲ್ಲಿ ಅರ್ಧ ಡಬ್ಬಿದೇ ಕಣ್ ತಾತ" ಎಂದು ತಾನೇ ವಾಪಸು ಪಡೆದಳು. ಉಳಿದರ್ಧವೂ ನಿಲ್ಲದಿದ್ದರೆ ವರ್ಷಗಳ ದುಡಿಮೆ ನೀರುಪಾಲು. ಮತ್ತೆ ಅಳೆದ ಲೆಕ್ಕ ಇವತ್ತು ಬಂತು. "ಒಸಿ ಬದಲಾಯ್ತದೆ ತಾತ, ಆದ್ರೆ ದಿಟ" ಎಂದು ಅಡುಗೆಮನೆಗೆ ಓಡಿದಳು. ಅಗೋ, ನನ್ನಾಕೆ ಹೊಂಬಾಳಮ್ಮ ಕೂಗುತ್ತಿದ್ದಾಳೆ: "ಇಷ್ಟ್ ದಿನ ಅನ್ನ ಸೇರ್ದೆ ಇದ್ದೋಳು ಎರಡ್ ಮುದ್ದೆ ಮುಗ್ಸವ್ಳೆ, ನಿಂದೂ ಉಳಿಯಾಕಿಲ್ಲ, ಎದ್ ಬಾ."