ಹೆಗಲು ಇಳಿಸಿ

ಚುನಾವಣೆ ಬಂತೆಂದರೆ ನಮ್ಮ ಕಡೆಯ ಕೃಷಿಕರು ಬೆಳೆ ಕಾಯುವ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಈ ಸಲ ಅದರ ಬಗ್ಗೆ ಪತ್ರಿಕೆಗೆ ವರದಿ ಮಾಡಲೆಂದು ಬಂಟ್ವಾಳದ ಠಾಣೆಗೆ ಹೋಗಿದ್ದೆ. ಗೋಡೆಗೆ ಒರಗಿಸಿದ್ದ ಕೋವಿಗಳಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಪಿಸ್ತೂಲು ಹಿಡಿಯಲು ಕಲಿಸಿದ ಮಾಸ್ಟ್ರು ನೆನಪಾದರು.

ಹಲವು ವರ್ಷಗಳ ಹಿಂದೆ, ಅಕ್ರಮ ಮರಳು ಲಾರಿಗಳ ಬಗ್ಗೆ ಬರೆದ ಮೇಲೆ ನನಗೊಂದು ಕರೆ ಬಂದಿತ್ತು. ಬೈಗುಳವಿರಲಿಲ್ಲ. ಮಗಳು ಶಾಲೆಯ ಬಸ್ಸಿನಿಂದ ಎಲ್ಲಿ ಇಳಿಯುತ್ತಾಳೆ ಎಂದಷ್ಟೇ ಹೇಳಿ ಫೋನ್ ಇಟ್ಟರು. ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕಿ, ಮೂಡುಬಿದಿರೆಯ ಹೊರಗಿದ್ದ ಶೂಟಿಂಗ್ ರೇಂಜಿಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದ ಮಾಸ್ಟ್ರು ಲಾಯಿಲ ಊರಿನವರು, ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು.

ಪಾದಗಳ ನಡುವೆ ಭುಜದಷ್ಟು ಅಗಲ, ಮೊಣಕಾಲು ಸಡಿಲ, ಮೈ ತುಸು ಮುಂದಕ್ಕೆ. ಗುರಿ ಯಾವುದೆಂದು ಖಚಿತವಾಗುವವರೆಗೆ ತೋರುಬೆರಳು ಟ್ರಿಗರಿನ ಹೊರಗೆ, ನೇರವಾಗಿ. ಮನೆಯ ಕೋವಿಯಿಂದ ಮಂಗ ಓಡಿಸಿ ಬೆಳೆದ ನಾನು ಪಿಸ್ತೂಲನ್ನೂ ಕೆನ್ನೆಯ ಬಳಿ ತಂದು, ಇಲ್ಲದ ಕೋವಿಯ ಹಿಂಬದಿಗೆ ಬಲ ಹೆಗಲನ್ನು ಎತ್ತಿ ಕೊಡುತ್ತಿದ್ದೆ.

"ಇಲ್ಲಿ ಮಂಗ ಇಲ್ಲ ಮಾರಾಯ್ರೆ, ಹೆಗಲು ಇಳಿಸಿ," ಎನ್ನುತ್ತಿದ್ದರು. ಆಮೇಲೆ ಮೆಲ್ಲಗೆ, "ಅಭ್ಯಾಸ ಮಾತ್ರ ಅಲ್ಲ, ಹೆದರಿಕೆಯೂ ಉಂಟು ಇದರಲ್ಲಿ."

ಒಂದು ಸಂಜೆ ತರಬೇತಿ ಮುಗಿಸಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಹಿಂದಿನಿಂದ ಬಂದ ಮದುವೆ ದಿಬ್ಬಣದವರು ಗರ್ನಾಲು ಪಟಾಕಿ ಸಿಡಿಸಿದರು. ನಾನು ಬೆಚ್ಚಿ ನೋಡುವಷ್ಟರಲ್ಲಿ ಮಾಸ್ಟ್ರು ತಿರುಗಿಯಾಗಿತ್ತು. ಮೊಣಕಾಲು ಸಡಿಲ, ಮೈ ಮುಂದಕ್ಕೆ, ಎರಡೂ ಕೈ ನೇರ ಚಾಚಿದ್ದವು. ಕೈಯಲ್ಲಿ ಏನೂ ಇರಲಿಲ್ಲ. ಎದುರಿಗೆ ಮಲ್ಲಿಗೆ ಮುಡಿದ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಮಾಸ್ಟ್ರ ತೋರುಬೆರಳು ಟ್ರಿಗರ್ ಒತ್ತಿದಂತೆ ಮಡಚಿಕೊಂಡಿತ್ತು.

"ಎಂತ ಮಾಸ್ಟ್ರೆ, ಇನ್ನೂ ರಿಟೈರ್ ಆಗ್ಲಿಲ್ವಾ?" ಎಂದು ಸೋಡಾ ಅಂಗಡಿಯವನು ನಕ್ಕ. ಮಾಸ್ಟ್ರು ನಗಲಿಲ್ಲ. ಕೈಗಳನ್ನು ಜೇಬಿಗೆ ಹಾಕಿಕೊಂಡರು.

ನನ್ನ ಬಸ್ಸು ಬರುವಾಗ ಹೇಳಿದರು: "ನನ್ನ ಬೆರಳು ನೋಡಿದ್ರಲ್ಲ? ಇಷ್ಟು ವರ್ಷ ಕಲಿಸಿದವನು ನಾನು. ನೀವು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಶಾಲೆ ಬಸ್ಸಿಗೆ ಕಾಯ್ತೀರಿ. ಅದರಿಂದ ಇಳಿಯುವುದು ನಿಮ್ಮ ಮಗಳು ಒಬ್ಬಳೇ ಅಲ್ಲ."

ಅರ್ಜಿಯನ್ನು ಹಿಂದಕ್ಕೆ ಪಡೆದೆ. ಮಗಳು ಶಾಲೆಯ ಓದು ಮುಗಿಸುವವರೆಗೂ ಆ ಬಸ್ಸಿಗೆ ನಾನೇ ಹೋಗಿ ಕಾದೆ, ಬರಿಗೈಯಲ್ಲಿ. ಕರೆ ಮಾಡಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಮಾಸ್ಟ್ರು ತೀರಿಕೊಂಡ ಸುದ್ದಿಯೂ ತಡವಾಗಿ ತಿಳಿಯಿತು...

ಠಾಣೆಯಿಂದ ಹೊರಬಂದು ರಸ್ತೆಗಿಳಿದಾಗ ಬೈಕೊಂದು ನನ್ನ ಹಿಂದೆ ವೇಗ ತಗ್ಗಿಸಿತು. ಬಲ ಹೆಗಲು ತಾನಾಗಿ ಮೇಲೇರಿತು. ಇಳಿಸಿ ಎನ್ನಲು ಯಾರೂ ಇರಲಿಲ್ಲ. ಬೈಕು ದಾಟಿ ಹೋದ ಮೇಲೂ ಹೆಗಲು ಹಾಗೆಯೇ ಇತ್ತು.